ಹಾಡಿನ ಮಿಸ್ ತುಂಬಿಸಿದ ಸಾಲುಗಳು

"ಇದನ್ನ ಹೋದ ವಾರಾನೂ ತಂದಿದ್ರಲ್ಲ ಮಿಸ್."

"ಮತ್ತೆ ಕೊಳೆ ಆಯ್ತಮ್ಮ."

"ಎಲ್ಲಿ, ತೋರಿಸಿ ನೋಡೋಣ."

ಮಿಸ್ ಮೇಜಿನ ಬಟ್ಟೆಯನ್ನು ಕೌಂಟರಿನ ಮೇಲೆ ಪೂರ್ತಿ ಹರಡಿದರು, ಕನ್ನಡಕವನ್ನು ಹಣೆಗೆ ಏರಿಸಿದರು, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ ಕಲೆ ಹುಡುಕತೊಡಗಿದರು. ಕೊನೆಗೆ ಒಂದು ಮೂಲೆಯಲ್ಲಿ ಬೆರಳಿಟ್ಟರು. "ನೋಡಿ, ಇಲ್ಲಿ. ಟೀ ಬಿದ್ದಿದೆ."

"ಅದು ಹೂವು ಮಿಸ್. ನೂಲಲ್ಲಿ ಹಾಕಿರೋ ಹೂವು."

"ಹೂವಾ?"

"ಐದು ವರ್ಷದಿಂದ ಒಗೀತಿದೀನಿ. ನನಗೆ ಗೊತ್ತಿಲ್ವಾ?"

ಒಳಗೆ ಇಸ್ತ್ರಿ ಮಾಡುತ್ತಿದ್ದ ನನ್ನ ಗೆಳತಿ ಬಟನ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನು ನಗು ತಡೆಯಲು ಗೋಡೆಯ ಮೇಲಿದ್ದ ರೇಟ್ ಬೋರ್ಡನ್ನು ಎರಡು ಸಲ ಓದಿದೆ. ಲಾಂಡ್ರಿ ಆಂಟಿ ಮಾತ್ರ ನಗಲಿಲ್ಲ. ಕಲೆ ಇಲ್ಲದ ಆ ಬಟ್ಟೆಗೆ ಒಂದು ಚೀಟಿ ಬರೆದು ಪಿನ್ ಚುಚ್ಚಿ ಬುಟ್ಟಿಗೆ ಹಾಕಿದರು. ಮಿಸ್ ಮನೆಯಲ್ಲಿ ಒಳ್ಳೆಯ ವಾಷಿಂಗ್ ಮೆಷಿನ್ ಇದೆ. ಅದು ಆಂಟಿಗೂ ಗೊತ್ತು, ನನಗೂ ಗೊತ್ತು, ಬಹುಶಃ ಆ ಬೀದಿಗೆಲ್ಲ ಗೊತ್ತು.

ಈ ಮಿಸ್ ನಮ್ಮ ಶಾಲೆಯ ಸಂಗೀತದ ಟೀಚರ್. ನಾವೆಲ್ಲ ಹಾಡಿನ ಮಿಸ್ ಎನ್ನುತ್ತೇವೆ. ಲಾಂಡ್ರಿ ಆಂಟಿ ಬಟನ್‌ಳ ಅಮ್ಮ. ಒಗೆಯುವ ಬಟ್ಟೆಗಳಿಂದ ಕಿತ್ತುಬಂದ ಗುಂಡಿಗಳನ್ನೆಲ್ಲ ಜೇಬಲ್ಲಿ ತುಂಬಿಕೊಂಡು ಶಾಲೆಗೆ ಬರುತ್ತಿದ್ದಳು, ಅದಕ್ಕೇ ಬಟನ್. ಒಂದೇ ಬೆಂಚಿನಲ್ಲಿ ನಾಲ್ಕು ವರ್ಷ ಕೂತಿದ್ದೇವೆ. ಈಗ ನಾನು ಕಾಲೇಜಿನ ಎರಡನೇ ವರ್ಷ, ಅವಳು ಹಗಲು ಅಂಗಡಿ, ರಾತ್ರಿ ಅಕೌಂಟೆನ್ಸಿ ಕೋರ್ಸ್. ಮಿಸ್ ಐದು ವರ್ಷದಿಂದ ಪ್ರತಿ ಬುಧವಾರ ಸಂಜೆ ಈ ಕೌಂಟರಿಗೆ ಬರುತ್ತಾರೆ. ಕಾಲೇಜು ಬೇಗ ಬಿಟ್ಟ ದಿನ ನಾನೂ ಜೊತೆಗೆ ಬರುತ್ತೇನೆ. ಯಾಕೆ ಬರುತ್ತಾರೆ ಎನ್ನುವುದೇ ಈ ಕಥೆ.

ಆದರೆ ಮೊದಲು ಮಿಸ್ ಬಗ್ಗೆ ಹೇಳಬೇಕು, ಏಕೆಂದರೆ ಅವರಂಥವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ಮಿಸ್ ಜೊತೆ ಹತ್ತು ನಿಮಿಷದ ದಾರಿ ನಡೆಯಲು ಅರ್ಧ ಗಂಟೆ ಬೇಕು. ಬಸ್ಸು ಹಿಂದಕ್ಕೆ ತೆಗೆಸುವಾಗ ಕ್ಲೀನರ್ ಬಸ್ಸಿನ ಬೆನ್ನಿಗೆ ತಟ್ಟುವ ತಾಳ ಕೇಳಿ ನಿಲ್ಲುತ್ತಾರೆ. ಕಟ್ಟಡದ ಕೆಲಸದವರು ಕಬ್ಬಿಣ ಎತ್ತುವಾಗ ಕೂಗಿದರೆ ನಿಲ್ಲುತ್ತಾರೆ. ಒಮ್ಮೆ ಒಬ್ಬ ಬಣ್ಣ ಬಳಿಯುವವನು ಏಣಿಯ ಮೇಲೆ ಏನೋ ಗುನುಗುತ್ತಿದ್ದ ಅಂತ ಕೆಳಗೆ ನಿಂತು, "ಸ್ವಲ್ಪ ಜೋರಾಗಿ ಹಾಡಪ್ಪಾ" ಎಂದರು. ಅವನು ಹೆದರಿ ಬ್ರಷ್ ಕೈಬಿಟ್ಟ, ಮಿಸ್ ಕೂದಲು ಒಂದು ವಾರ ಹಸಿರಾಗಿತ್ತು, ಅದೇ ಕೂದಲಲ್ಲಿ ಕ್ಲಾಸಿಗೆ ಬಂದು ಅವನ ಹಾಡನ್ನು ನಮಗೆ ಹೇಳಿಕೊಟ್ಟರು.

ಅವರ ಅಪ್ಪ ದೋಣಿಗೆ ಮೂಟೆ ಹೇರಿಸುತ್ತಿದ್ದವರು. ಎಷ್ಟು ಮೂಟೆ ಹೋಯಿತು ಎನ್ನುವುದನ್ನು ಹಾಡಿಕೊಂಡೇ ಎಣಿಸುತ್ತಿದ್ದರಂತೆ, ಪ್ರತಿ ಹತ್ತಕ್ಕೆ ಧಾಟಿ ಬದಲಾಗುತ್ತಿತ್ತಂತೆ. ಮೂರನೇ ಕ್ಲಾಸಿನಲ್ಲಿ ಸಂಗೀತದ ಮೇಷ್ಟ್ರು ಒಬ್ಬೊಬ್ಬರಾಗಿ ಎದ್ದು ಹಾಡಿ ಎಂದಾಗ ಪುಟ್ಟ ಮಿಸ್ ಅದನ್ನೇ ಹಾಡಿದರು. ಮೂವತ್ತರವರೆಗೆ ಬಂದಿದ್ದರು. ಮೇಷ್ಟ್ರು, "ಇದು ಹಾಡಲ್ಲ, ಎಣಿಕೆ. ಗಣಿತದ ಕ್ಲಾಸಲ್ಲಿ ಹೇಳು, ಕೂತ್ಕೋ" ಎಂದರಂತೆ. ಮಿಸ್ ಮನೆಗೆ ಹೋಗಿ ಅಪ್ಪನಿಗೆ ಹೇಳಿದರಂತೆ. ಅಪ್ಪ, "ಮೇಷ್ಟ್ರು ಹೇಳಿದ್ದು ಸರಿನೇ ಮಗಳೇ" ಅಂದರಂತೆ. ಆಮೇಲೆ ಅವರು ಮಗಳ ಮುಂದೆ ಹಾಡಿಕೊಂಡು ಎಣಿಸಲಿಲ್ಲವಂತೆ, ಬಾಯಿಮುಚ್ಚಿ ಬೆರಳಲ್ಲಿ ಎಣಿಸಿದರಂತೆ.

ಅದಕ್ಕೇ ತಾವು ಟೀಚರ್ ಆದ ಮೇಲೆ ಮಿಸ್ ಹಾಡಿನ ಪುಸ್ತಕವನ್ನು ಬೀರುವಿನ ಮೇಲಿಟ್ಟರು. ಆ ಪುಸ್ತಕದಲ್ಲಿ ಕುರಿ ಕಾಯುವ ಹಾಡು ಮೂರಿದ್ದವು. ನಮ್ಮ ಕ್ಲಾಸಿನಲ್ಲಿ ಕುರಿಯನ್ನು ಹತ್ತಿರದಿಂದ ನೋಡಿದವರು ಒಬ್ಬರೂ ಇರಲಿಲ್ಲ. ಅದರ ಬದಲು ಮಿಸ್ ಒಂದು ನಿಯಮ ತಂದರು: ವಾರಕ್ಕೊಬ್ಬರು, ಮನೆಯಿಂದ ಒಂದು ಹಾಡು. ಮನೆಯಲ್ಲಿ ಯಾರಾದರೂ ನಿಜವಾಗಿ ಹಾಡುವ ಹಾಡು. ಒಬ್ಬ ಹುಡುಗ ಸೋಪಿನ ಜಾಹೀರಾತು ಹಾಡಿದ.

"ಇದನ್ನ ನಿಮ್ಮನೇಲಿ ಯಾರು ಹಾಡ್ತಾರೆ?"

"ಟಿವಿ, ಮಿಸ್."

"ಹಾಗಾದ್ರೆ ನಾಳೆ ಟಿವಿಯ ಅಪ್ಪ ಅಮ್ಮನ್ನ ಕರ್ಕೊಂಡು ಬಾ."

ಮಗು ಹಾಡು ತಂದರೆ ಮಿಸ್ ಅದನ್ನು ಹಾಗೇ ನಮಗೆ ಕಲಿಸುತ್ತಿರಲಿಲ್ಲ. ಎರಡನೇ ನಿಯಮ ಅದು, ತಮಗೆ ತಾವೇ ಹಾಕಿಕೊಂಡದ್ದು. ಮೊದಲು ಆ ಮನೆಗೆ ಹೋಗಬೇಕು, ಹಾಡುವವರ ಎದುರು ಕೂತು ಅವರ ಬಾಯಿಂದಲೇ ಕೇಳಬೇಕು, ಅವರು ಸರಿ ಅನ್ನುವವರೆಗೆ ತಿರುಗಿ ಹಾಡಿ ತೋರಿಸಬೇಕು. "ಮಗು ತರೋದು ಅಡ್ರೆಸ್ ಅಷ್ಟೇ ಕಣೇ" ಎನ್ನುತ್ತಿದ್ದರು. ನಮ್ಮ ಮನೆಗೂ ಬಂದಿದ್ದರು. ಗಡಿಯಾರ ರಿಪೇರಿ ಮಾಡುವ ನಮ್ಮ ತಾತ, ಎದುರಿಗಿರುವ ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ ಗುನುಗುವುದು ನನಗೆ ಹಾಡು ಅಂತಲೇ ಗೊತ್ತಿರಲಿಲ್ಲ. ಮಿಸ್ ಎರಡು ಭಾನುವಾರ ತಾತನ ಪಕ್ಕ ಸ್ಟೂಲಿನಲ್ಲಿ ಕೂತರು. ತಾತ ಒಂಬತ್ತು ಸಲ "ಅಲ್ಲ, ನೀವು ಓಡ್ತಿದೀರಿ" ಎಂದರು. ಹತ್ತನೇ ಸಲ ತಲೆಯಾಡಿಸಿದರು. ಮರುದಿನ ನಲವತ್ತು ಮಕ್ಕಳು ತಾತನ ಗುನುಗು ಹಾಡುವುದನ್ನು ಕೇಳುತ್ತಾ ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ, ನನ್ನ ಮುಖ ಯಾರಿಗೂ ಕಾಣಬಾರದು ಅಂತ. ಅಷ್ಟು ಖುಷಿಯಾಗಿತ್ತು.

ಇಂಥ ಮಿಸ್ ಒಂದೇ ಒಂದು ಸಲ ಎರಡನೇ ನಿಯಮ ಮುರಿದರು.

ಎಂಟನೇ ಕ್ಲಾಸು. ಬಟನ್ ಸರದಿ ಬಂತು. ಅವಳು ಬೋರ್ಡಿನ ಮುಂದೆ ನಿಂತು, ಎರಡೂ ಕೈ ಮುಂದೆ ಚಾಚಿ, ಏನನ್ನೋ ಹಿಡಿದವಳ ಹಾಗೆ ನಾಲ್ಕು ಹೆಜ್ಜೆ ಮುಂದೆ ಬಂದಳು, ಹಾಡುತ್ತಾ:

ಮೂಲೆ ಹಿಡಿ, ಮೂಲೆ ಕೊಡು.

ಆಮೇಲೆ ನಿಲ್ಲಿಸಿದಳು. ಬಾಯಿ ಮುಚ್ಚಿ, ನಾಲ್ಕು ಹೆಜ್ಜೆ ಹಿಂದೆ ಹೋದಳು. ನಾವು ಮರೆತುಬಿಟ್ಟಳು ಅಂದುಕೊಂಡು ನಗಲು ಶುರುಮಾಡಿದೆವು. ಅಷ್ಟರಲ್ಲಿ ಮತ್ತೆ ಮುಂದೆ ಬಂದಳು:

ನೀರು ಬಿಟ್ಟಿತು, ಬಿಸಿಲು ಸಿಕ್ಕಿತು.

ಮತ್ತೆ ಮೌನ, ಮತ್ತೆ ನಾಲ್ಕು ಹೆಜ್ಜೆ ಹಿಂದೆ. ಮತ್ತೆ ಮುಂದೆ:

ಯಾರ ಮನೆಯ ಹಾಸಿಗೆ ಇದು, ಯಾರ ನಿದ್ದೆ ಬಾಕಿ.

ಮಿಸ್ ಕೈಯಲ್ಲಿದ್ದ ಪೆನ್ಸಿಲ್ಲನ್ನು ಕೆಳಗಿಟ್ಟರು. ಧಾಟಿ ಅಷ್ಟು ಚೆನ್ನಾಗಿತ್ತು, ಎತ್ತಿ ಹಾಕಿದ ಹಾಗೆ, ಬೀಸಿ ಕೊಡವಿದ ಹಾಗೆ. "ಮಧ್ಯದಲ್ಲಿ ಏನು ಬರುತ್ತೆ ಪುಟ್ಟಾ?"

"ಏನೂ ಬರಲ್ಲ ಮಿಸ್. ಅಲ್ಲಿ ಸುಮ್ನಿರ್ಬೇಕು."

"ಸುಮ್ನಿರ್ಬೇಕಾ, ಮರ್ತುಹೋಯ್ತಾ?"

ಬಟನ್ ಭುಜ ಹಾರಿಸಿದಳು. "ಅಮ್ಮ ಹೀಗೇ ಹಾಡೋದು."

ಮಿಸ್ ಅದೇ ವಾರ ಲಾಂಡ್ರಿಗೆ ಹೋದರು. ಆಂಟಿ ಬಟ್ಟೆ ಡೆಲಿವರಿಗೆ ಹೋಗಿದ್ದರು. ಮತ್ತೆ ಹೋದರು. ಡ್ರೈಯರ್ ಕೆಟ್ಟಿತ್ತು, ಮೆಕ್ಯಾನಿಕ್ ಅದರ ಹೊಟ್ಟೆಯೊಳಗೆ ಅರ್ಧ ಮೈ ತೂರಿಸಿಕೊಂಡು ಸುತ್ತಿಗೆಯಲ್ಲಿ ಬಡಿಯುತ್ತಿದ್ದ, ಆಂಟಿ ಅವನ ತಲೆಯ ಮೇಲೆ ಟಾರ್ಚ್ ಹಿಡಿದಿದ್ದರು, ಹಾಡಿನ ಮಾತೆತ್ತುವ ಹೊತ್ತಲ್ಲ ಅದು. ಶಾಲೆಯ ವಾರ್ಷಿಕ ಕಾರ್ಯಕ್ರಮಕ್ಕೆ ಹನ್ನೊಂದು ದಿನ ಉಳಿದಿತ್ತು. ಹೆಡ್ ಮಾಸ್ಟರ್ ಕ್ಲಾಸಿನ ಹೊರಗೆ ನಿಂತು ಬಟನ್ ಹಾಡಿದ್ದನ್ನು ಕೇಳಿಬಿಟ್ಟಿದ್ದರು. ಈ ಸಲ ಇದೇ ಹಾಡು, ಎಲ್ಲರೂ ಸೇರಿ, ಸ್ಟೇಜಿನ ಮೇಲೆ ಎಂದರು. "ಆದ್ರೆ ಮಿಸ್, ಮಧ್ಯ ಮಧ್ಯ ನಿಲ್ಸಿದ್ರೆ ಮಕ್ಕಳು ಮರೆತ್ರು ಅಂದ್ಕೋತಾರೆ ಜನ. ಅಲ್ಲಿಗೆ ಏನಾದ್ರೂ ಹಾಕಿ."

ಮಿಸ್ ಒಂದು ಫ್ರೀ ಪೀರಿಯಡ್ಡಿನಲ್ಲಿ, ಸ್ಟಾಫ್ ರೂಮಿನಲ್ಲಿ ಕೂತು, ಆ ಖಾಲಿ ಜಾಗಗಳಿಗೆ ಮೂರು ಸಾಲು ಬರೆದರು. ಮುಂದೆ ನಿಂತವರು "ಮೂಲೆ ಹಿಡಿ, ಮೂಲೆ ಕೊಡು" ಎಂದರೆ ಹಿಂದೆ ನಿಂತವರು "ಹಿಡಿದೆ ಹಿಡಿದೆ, ಬಿಡೆನು ಬಿಡೆನು" ಎನ್ನಬೇಕು. ಬಿಸಿಲಿಗೆ "ಗಾಳಿ ಬಂದಿತು, ನಗುವ ತಂದಿತು." ಯಾರ ನಿದ್ದೆ ಬಾಕಿ ಎಂದರೆ, "ನನ್ನ ನಿದ್ದೆ ಮುಗಿದು ಹೋಯ್ತು, ಬೆಳಗಾಯಿತು, ಏಳು." ನಾನು ಹಿಂದೆ ನಿಂತವರಲ್ಲಿ ಒಬ್ಬಳು. ನಮಗೆ ಆ ಸಾಲುಗಳ ಹುಚ್ಚೇ ಹಿಡಿದಿತ್ತು. ಬಸ್ಸಿನಲ್ಲಿ, ನಲ್ಲಿ ಹತ್ತಿರ, ಪರೀಕ್ಷೆ ಹಾಲಿನ ಹೊರಗೆ, ಒಬ್ಬರು "ಮೂಲೆ ಹಿಡಿ" ಎಂದರೆ ಸಾಕು, ಹತ್ತು ಜನ "ಬಿಡೆನು ಬಿಡೆನು" ಎನ್ನುತ್ತಿದ್ದೆವು. ಬಟನ್ ಕೂಡ. ಅಮ್ಮನಿಗೆ ಹೇಳಿರಲಿಲ್ಲ, ಸರ್‌ಪ್ರೈಸ್ ಕೊಡಬೇಕು ಅಂತ.

ಆ ದಿನ ಆಂಟಿ ಅಂಗಡಿಯಿಂದ ನೇರ ಬಂದಿದ್ದರು. ಸ್ವೆಟರಿನ ಕೆಳಗೆ ನೀಲಿ ಏಪ್ರನ್ ಕಾಣುತ್ತಿತ್ತು. ಮೂರನೇ ಸಾಲಿನಲ್ಲಿ, ನಡುವಿನ ದಾರಿಗೆ ಅಂಟಿದ ಕುರ್ಚಿ. ಪರದೆ ಸರಿಯಿತು, ಬಟನ್ ಮತ್ತು ಮುಂದಿನವರು ಕೈ ಚಾಚಿ ನಾಲ್ಕು ಹೆಜ್ಜೆ ಬಂದು ಮೊದಲ ಸಾಲು ಹಾಡಿದರು. ಆಂಟಿ ಮುಖ ಅರಳಿದ್ದು ನಾನು ನೋಡಿದೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಪಕ್ಕದವರಿಗೆ ಮಗಳನ್ನು ತೋರಿಸುತ್ತಿದ್ದರು.

ಆಗ ನಾವು ಉತ್ತರ ಕೊಟ್ಟೆವು. ಹಿಡಿದೆ ಹಿಡಿದೆ, ಬಿಡೆನು ಬಿಡೆನು.

ಆಂಟಿ ಹಿಂದೆ ತಿರುಗಿ ನೋಡಿದರು. ಸ್ಟೇಜಿನ ಕಡೆಗಲ್ಲ, ಹಾಲಿನ ಬಾಗಿಲ ಕಡೆಗೆ. ಯಾರೋ ಒಳಗೆ ಬಂದರೇನೋ ಎನ್ನುವ ಹಾಗೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಎರಡನೇ ಉತ್ತರಕ್ಕೆ ಅವರು ಎದ್ದು ನಿಂತರು. ಮೂರನೆಯದಕ್ಕೆ, ಹಿಂದಿನವರಿಗೆ ಅಡ್ಡವಾಗಬಾರದು ಅಂತ ಬೆನ್ನು ಬಗ್ಗಿಸಿಕೊಂಡು, ದಾರಿಯಲ್ಲಿ ಹೊರಟುಹೋದರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಇನ್ನೊಂದು ಸಲ ಎಂದರು. ನಾವು ಇನ್ನೊಂದು ಸಲ ಹಾಡಿದೆವು, ಬಟನ್ ಆ ಖಾಲಿ ಕುರ್ಚಿಯನ್ನೇ ನೋಡುತ್ತಾ ಹಾಡಿದಳು, ಎರಡನೇ ಸಾಲಿಗೆ ಅವಳ ದನಿ ನಿಂತಿತು.

ಮಿಸ್ ಮಾರನೇ ದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಶಟರ್ ಮುಂದೆ ನಿಂತಿದ್ದರು. ಆಂಟಿ ಹೇಳಿದ್ದು ಸ್ವಲ್ಪವೇ.

ಅದು ಬೆಡ್‌ಶೀಟ್ ಮಡಚುವ ಹಾಡು. ಲಾಡ್ಜಿನ, ಆಸ್ಪತ್ರೆಯ ದೊಡ್ಡ ಬೆಡ್‌ಶೀಟುಗಳನ್ನು ಇಬ್ಬರು ಮಡಚಬೇಕು, ಆ ತುದಿ ಒಬ್ಬರು, ಈ ತುದಿ ಒಬ್ಬರು. ಆಂಟಿ ಹಾಡುತ್ತಾ ಮುಂದೆ ನಡೆದು ಗಂಡನ ಕೈಗೆ ತನ್ನ ಎರಡು ಮೂಲೆ ಕೊಡುತ್ತಿದ್ದರು. ಆಂಟಿ ಹಿಂದೆ ಹೋಗುವಾಗ ಗಂಡ ಹಾಡುತ್ತಿದ್ದರು. ಬಟನ್‌ಗೆ ನಾಲ್ಕು ವರ್ಷ ಇದ್ದಾಗ ಅವರು ತೀರಿಹೋದರು, ಬೆಳಗ್ಗೆ ಅಂಗಡಿಯಲ್ಲಿದ್ದವರು ಮಧ್ಯಾಹ್ನ ಇರಲಿಲ್ಲ. ಆಮೇಲೆ ಆಂಟಿ ಗೋಡೆಗೆ ಎರಡು ಕೊಕ್ಕೆ ಹೊಡೆಸಿದರು. ಆ ತುದಿಯ ಮೂಲೆಗಳನ್ನು ಕೊಕ್ಕೆಗೆ ಸಿಕ್ಕಿಸಿ ಒಬ್ಬರೇ ಮಡಚುತ್ತಿದ್ದರು. ತನ್ನ ಸಾಲು ಹಾಡಿ, ಗೋಡೆಯವರೆಗೆ ನಡೆದು, ತಿರುಗಿ ಬರುವಾಗ ಸುಮ್ಮನಿರುತ್ತಿದ್ದರು. ಬಟನ್‌ಗೆ ಬುದ್ಧಿ ಬಂದಾಗಿನಿಂದ ಕೇಳಿ ನೆನಪಿದ್ದದ್ದು ಆ ಹಾಡು ಮಾತ್ರ, ಮೌನ ಸೇರಿ.

"ಆ ಜಾಗ ನನ್ನ ಗಂಡಂದು ಮಿಸ್" ಎಂದರಂತೆ. ಆಮೇಲೆ, "ಬಟ್ಟೆ ಏನಾದ್ರೂ ಇದ್ರೆ ಕೊಡಿ. ಇಲ್ಲಾಂದ್ರೆ ನನಗೆ ಕೆಲ್ಸ ಇದೆ."

ಮಿಸ್ ಮೈಮೇಲಿದ್ದ ಶಾಲು ತೆಗೆದು ಕೊಟ್ಟರಂತೆ. ಮುಂದಿನ ಬುಧವಾರ ಅದನ್ನು ತೆಗೆದುಕೊಳ್ಳಲು ಬಂದರು, ಇನ್ನೊಂದು ಬಟ್ಟೆ ಕೊಟ್ಟರು. ಹೀಗೆ ಐದು ವರ್ಷ. ಹಾಡಿನ ಮಾತು ಮತ್ತೆ ಆ ಕೌಂಟರಿನ ಮೇಲೆ ಬರಲಿಲ್ಲ. ಆಂಟಿ ಒರಟಾಗಿ ಮಾತಾಡಿದ್ದೂ ಇಲ್ಲ. ಕಲೆ, ನೀಲಿ, ಗಂಜಿ, ಯಾವಾಗ ಸಿಗುತ್ತದೆ, ಅಷ್ಟೇ.

ಬಟನ್ ನನಗೆ ಹೇಳಿದ್ದು ಬೇರೆ. "ಅಮ್ಮ ಈಗ ಹಾಡಲ್ಲ ಕಣೇ. ಒಳಗೆ ಬರೀ ಮೆಷಿನ್ ಸೌಂಡು. ನಾನು ಒಂದ್ ತುದಿ ಹಿಡ್ಕೋತೀನಿ ಅಂದ್ರೂ ಬೇಡ ಅಂತಾಳೆ." ಅದರ ಬಗ್ಗೆ ಅಮ್ಮ ಅವಳನ್ನು ಒಂದು ಮಾತು ಬೈದಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದಳು.

ಇನ್ನೊಂದು ಕಡೆ ಹಾಡು ತನ್ನ ಪಾಡಿಗೆ ಬೆಳೆಯಿತು. ಶಾಲೆಗಳ ಸ್ಪರ್ಧೆಯಲ್ಲಿ ಬಹುಮಾನ ಬಂತು, ಶಾಲೆಯೇ ಹೊರತಂದ ಹೊಸ ಹಾಡಿನ ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾಯಿತು, ಬೇರೆ ಶಾಲೆಯವರು ಕೇಳಿ ತೆಗೆದುಕೊಂಡರು. ಈಗಿನ ಪುಟ್ಟ ಮಕ್ಕಳು ಅಂಗಡಿಯ ಮುಂದೆ ಹಾದುಹೋಗುವಾಗ ಆಟಕ್ಕೆ ಹಾಡುತ್ತಾರೆ. ಮಿಸ್ ತಮ್ಮ ಸಾಲುಗಳನ್ನು ಬಿಡಿಸಲು ನೋಡಿದರು. ಹೊಸ ಕ್ಲಾಸಿಗೆ ಮೂಲ ಹಾಡನ್ನೇ, ಮೌನದ ಸಮೇತ ಕಲಿಸಿದರು. ಮಕ್ಕಳು ಅಣ್ಣ ಅಕ್ಕಂದಿರಿಂದ ಕೇಳಿಕೊಂಡೇ ಬಂದಿದ್ದರು. ಮೌನ ಬಂದ ಕೂಡಲೇ ಯಾವುದೋ ಮೂಲೆಯಿಂದ ಒಂದು ದನಿ "ಬಿಡೆನು ಬಿಡೆನು" ಎನ್ನುತ್ತಿತ್ತು, ಆಮೇಲೆ ಎಲ್ಲರೂ. ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ನೀವು ಮರೆತುಬಿಟ್ರಿ, ಅಲ್ಲೊಂದು ಸಾಲಿದೆ" ಅಂದಳಂತೆ.

ಅವತ್ತಿನಿಂದ ಮಿಸ್ 'ಮನೆಯಿಂದ ಒಂದು ಹಾಡು' ನಿಲ್ಲಿಸಿದರು. ಬೀರುವಿನ ಮೇಲಿದ್ದ ಪುಸ್ತಕ ಕೆಳಗೆ ಬಂತು. ಕುರಿ ಕಾಯುವ ಹಾಡು ಮೂರನ್ನೂ ಕಲಿಸಿದರು.

ಈ ತಿಂಗಳ ಕೊನೆಗೆ ಮಿಸ್ ರಿಟೈರ್ ಆಗುತ್ತಾರೆ. ಅದಕ್ಕೇ ಈ ಬುಧವಾರ ಅವರು ಮೇಜಿನ ಬಟ್ಟೆ ಕೊಟ್ಟ ಮೇಲೂ ಹೊರಡಲಿಲ್ಲ. ಕೈಚೀಲದಿಂದ ಒಂದು ಹಾಳೆ ತೆಗೆದರು. ನಾಲ್ಕು ಮಡಿಕೆ ಮಾಡಿದ್ದು, ಅಂಚು ಸವೆದಿತ್ತು. ಎಷ್ಟು ದಿನದಿಂದ ಚೀಲದಲ್ಲಿತ್ತೋ.

"ಏನಮ್ಮ, ಒಂದ್ ವಿಷ್ಯ. ಬೇಜಾರಾದ್ರೆ ಈಗ್ಲೇ ಹೇಳ್ಬಿಡಿ, ಒಳಗಿಟ್ಕೋತೀನಿ."

ಆಂಟಿ ಪಿನ್ನಿನ ಡಬ್ಬಿ ಮುಚ್ಚಿದರು. "ಹೇಳಿ."

"ನಿಮ್ಮ ಹಳೇ ವ್ಯಾನ್ ಡ್ರೈವರ್ ಸಿಕ್ಕಿದ್ರು. ನಿಮ್ಮ ಯಜಮಾನ್ರು ಹಾಡ್ತಿದ್ದ ಸಾಲು ಎರಡು ಅವರಿಗೆ ನೆನಪಿದೆ. ಬರ್ಕೊಂಡು ಬಂದಿದೀನಿ. ಪುಸ್ತಕದಲ್ಲಿ ನಂದು ತೆಗೆಸಿ ಇದನ್ನ ಹಾಕ್ಸೋಣ ಅಂತ. ನಾನು ರಿಟೈರ್ ಆಗೋದ್ರೊಳಗೆ. ಯಾರದ್ದೋ ಅವರಿಗೆ ವಾಪಸ್ ಸೇರ್ಬೇಕಲ್ವಾ."

ಆಂಟಿ ಹಾಳೆ ತೆಗೆದುಕೊಳ್ಳಲಿಲ್ಲ. "ಓದಿ" ಎಂದರು.

ಮಿಸ್ ಓದಲಿಲ್ಲ. ನಲವತ್ತು ವರ್ಷ ಹಾಡಿದ ದನಿ ಅವರದು, ಆದರೂ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ನಾನು ಓದಿದೆ. "ಹಲ್ಲಿನ ಡಾಕ್ಟ್ರ ಹಾಸಿಗೆ ನೋಡು, ಇದಕ್ಕೂ ಎರಡು ಹಲ್ಲು ಕಿತ್ತವ್ರೆ." ಎರಡನೆಯದು, "ಲಾಡ್ಜಿನ ರೂಮು ಹನ್ನೆರಡು ಇದು, ಗೊರಕೆ ಇನ್ನೂ ಒಳಗೈತೆ."

ಒಳಗೆ ಇಸ್ತ್ರಿ ನಿಂತಿತು.

ಆಂಟಿ ನಕ್ಕುಬಿಟ್ಟರು. ಐದು ವರ್ಷದಲ್ಲಿ ಅವರ ಹಲ್ಲು ನಾನು ನೋಡಿದ್ದು ಅದೇ ಮೊದಲು. ನಗು ಬಂದಷ್ಟೇ ಬೇಗ ಹೋಯಿತು. "ಹೌದು. ಇದು ಅವರೇ. ಡಾಕ್ಟ್ರ ಬೆಡ್‌ಶೀಟಲ್ಲಿ ಎರಡು ತೂತಿತ್ತು. ಅವತ್ತಿಂದು ಇದು."

"ಅವತ್ತಿಂದು ಅಂದ್ರೆ?"

"ಅಂದ್ರೆ ಅವತ್ತಿಂದು ಮಿಸ್. ಮಾರ್ನೇ ದಿನ ಬೇರೆ. ಒಂದ್ ಸಲ ಹೇಳಿದ್ದು ಇನ್ನೊಂದ್ ಸಲ ಹೇಳ್ತಿರ್ಲಿಲ್ಲ ಅವ್ರು. ಯಾರ ಬೆಡ್‌ಶೀಟು ಕೈಗೆ ಬಂತೋ ಅವರ ಮೇಲೆ. ನರ್ಸುಗಳ ಮೇಲೆ, ಲಾಡ್ಜ್ ಮ್ಯಾನೇಜರ್ ಮೇಲೆ. ಹೊಸ್ದಾಗಿ ಮದ್ವೆ ಆದವರ ಬಟ್ಟೆ ಬಂದ್ರೆ ನಾನೇ ಬಾಗ್ಲು ಹಾಕ್ತಿದ್ದೆ, ಗಿರಾಕಿಗಳು ಕೇಳಿಸ್ಕೋತಾರೆ ಅಂತ. ನಗ್ತಾ ನಗ್ತಾ ನನ್ನ ಕೈಯಿಂದ ಮೂಲೆ ಬಿದ್ದುಹೋಗೋದು. 'ಏ ಕೋತಿ, ನೆಟ್ಟಗೆ ಹಿಡಿ' ಅನ್ನೋರು."

ಮಿಸ್ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡುತ್ತಾ ನಿಂತರು. "ಹಾಗಾದ್ರೆ ಅಲ್ಲಿಗೆ ಸಾಲೇ ಇಲ್ಲ."

"ಇಲ್ಲ ಮಿಸ್. ಮಗಳು ನಿಮಗೆ ಸರಿಯಾಗೇ ಹೇಳಿದ್ಲು."

ಆಂಟಿ ಕೌಂಟರಿನ ಮೇಲೆ ಇಲ್ಲದ ಧೂಳನ್ನು ಅಂಗೈಯಲ್ಲಿ ಒರೆಸಿದರು. ಆಮೇಲೆ, ನಮ್ಮ ಯಾರನ್ನೂ ನೋಡದೆ ಹೇಳಿದರು.

"ಅವರು ಹೋದ್ಮೇಲೂ ನಾನು ಹಾಡ್ತಿದ್ದೆ ಅಲ್ವಾ, ನನ್ನ ಸಾಲು ಮುಗ್ಸಿ ವಾಪಸ್ ನಡೀವಾಗ, ಈ ಬೆಡ್‌ಶೀಟಿಗೆ ಅವರು ಏನಂತಿದ್ರು ಅಂತ ಕಾಯ್ತಿದ್ದೆ. ನಾನೇ ಯೋಚ್ನೆ ಮಾಡಿ ಕಟ್ತಿದ್ದೆ ಅಂದ್ಕೋಬೇಡಿ. ಬರ್ತಿತ್ತು. ದಿನಾ ಬರ್ತಿರ್ಲಿಲ್ಲ. ವಾರಕ್ಕೆ ಒಂದೋ ಎರಡೋ. ಅವರ ದನೀಲೇ ಬರ್ತಿತ್ತು. ಒಬ್ಬಳೇ ನಗ್ತಿದ್ದೆ, ಈ ಹುಡುಗಿ ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿರ್ತಾಳೆ."

"ಅಂದ್ಕೊಂಡಿರ್ಲಿಲ್ಲ" ಎಂದಳು ಬಟನ್, ಒಳಗಿನಿಂದ.

"ಈಗ ವಾಪಸ್ ನಡೀವಾಗ ನಿಮ್ಮ ಸಾಲು ಬರುತ್ತೆ ಮಿಸ್. ಹಿಡಿದೆ ಹಿಡಿದೆ, ಬಿಡೆನು ಬಿಡೆನು. ನಲ್ವತ್ತು ಮಕ್ಕಳ ದನೀಲಿ. ಹಾಡದೇ ಇದ್ರೂ ಬರುತ್ತೆ. ಎಷ್ಟೊತ್ತು ಕಾದ್ರೂ ಅವರದ್ದು ಬರಲ್ಲ. ಜಾಗ ಇಲ್ಲ ಅಲ್ಲಿ."

ಮಿಸ್ ಕೌಂಟರಿನ ಅಂಚು ಹಿಡಿದುಕೊಂಡರು. ನಾನು ನೆಲ ನೋಡುತ್ತಿದ್ದೆ. ಆ ನಲವತ್ತರಲ್ಲಿ ನನ್ನ ದನಿಯೂ ಇತ್ತು, ಎಲ್ಲರಿಗಿಂತ ಜೋರಾಗಿ ಹಾಡಿದ್ದೆ.

"ಕೆಟ್ಟ ಸಾಲಾಗಿದ್ರೆ ಮರ್ತುಹೋಗ್ತಿತ್ತು" ಎಂದರು ಆಂಟಿ. "ಒಳ್ಳೇದಿದೆ. ಅದೇ ಕಷ್ಟ."

"ನಾನು ಮೊದ್ಲು ನಿಮ್ಮ ಹತ್ರ ಬಂದು ಕೂತು ಕೇಳ್ಬೇಕಿತ್ತು."

"ಎರಡು ಸಲ ಬಂದಿದ್ರಿ."

"ಮೂರನೇ ಸಲ ಬರ್ಬೇಕಿತ್ತು."

"ಹೌದು" ಎಂದರು ಆಂಟಿ. ಸಮಾಧಾನ ಮಾಡಲಿಲ್ಲ. ಇರಲಿ ಬಿಡಿ ಎನ್ನಲಿಲ್ಲ. ಐದು ವರ್ಷದಲ್ಲಿ ಅವರು ಆ ವಿಷಯಕ್ಕೆ ಕೊಟ್ಟ ಮೊದಲ ನೇರ ಉತ್ತರ ಅದು, ಮತ್ತು ಅದು ಹೌದು ಎಂದಾಗಿತ್ತು. ಮಿಸ್ ತಲೆಯಾಡಿಸಿದರು. ಹಾಳೆಯನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಲು ಹೋದಾಗ ಆಂಟಿ ಕೈ ಚಾಚಿದರು. "ಅದನ್ನ ಇಲ್ಲಿ ಕೊಡಿ. ಡಾಕ್ಟ್ರ ತೂತಿಂದು ನನಗೇ ಮರ್ತುಹೋಗಿತ್ತು."

ಅಷ್ಟರಲ್ಲಿ ಒಬ್ಬ ಗಿರಾಕಿ ಕೋಟು ಹಿಡಿದುಕೊಂಡು ಬಂದ, ತೋಳಿನಲ್ಲಿ ಶಾಯಿ ಚೆಲ್ಲಿತ್ತು, ನಾಳೆ ಬೆಳಗ್ಗೆಯೊಳಗೆ ಬೇಕು ಎಂದು ಪಟ್ಟು ಹಿಡಿದ. ಆಂಟಿ ಅವನ ಜೊತೆ ಕಾಲು ಗಂಟೆ ವಾದ ಮಾಡಿದರು. ಮಿಸ್ ಮೂಲೆಯ ಬೆಂಚಿನಲ್ಲಿ ಕೂತಿದ್ದರು. ಅವರು ಅಷ್ಟು ಸಣ್ಣಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಕಣ್ಣು ಒರೆಸಿಕೊಳ್ಳಲೂ ಇಲ್ಲ, ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಬಟನ್ ಬಂದು ಅವರ ಪಕ್ಕ ಒಂದು ಲೋಟ ನೀರಿಟ್ಟು ಒಳಗೆ ಹೋದಳು.

ಗಿರಾಕಿ ಹೋದ ಮೇಲೆ ಮಿಸ್ ಎದ್ದರು. "ಬರ್ತೀನಮ್ಮ. ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ. ಈ ಬಟ್ಟೇನ ಇವಳ ಕೈಲಿ ಕಳ್ಸಿಬಿಡಿ."

ಆಂಟಿ ರಿಜಿಸ್ಟರ್ ತೆರೆದು ಏನೋ ಬರೆಯುತ್ತಿದ್ದರು. ಬರೆಯುವುದನ್ನು ನಿಲ್ಲಿಸಲಿಲ್ಲ.

"ರಿಟೈರ್ ಆದ್ಮೇಲೆ ಮಧ್ಯಾಹ್ನ ಏನ್ ಮಾಡ್ತೀರಿ?"

"ಏನೂ ಇಲ್ಲ."

"ಈಗ ಗುರುವಾರ?"

"ಗುರುವಾರ ಎರಡು ಗಂಟೆಗೆ ನನ್ನ ಕ್ಲಾಸು ಮುಗಿಯುತ್ತೆ."

"ಮುಂದಿನ ಗುರುವಾರ ಆಸ್ಪತ್ರೆ ಲೋಡು ಬರುತ್ತೆ. ನೂರೈವತ್ತು ಬೆಡ್‌ಶೀಟು. ಮಗಳಿಗೆ ಪರೀಕ್ಷೆ, ನಾನೊಬ್ಬಳೇ. ಮೂರಕ್ಕೆ ಬನ್ನಿ, ಹಿಂದಿನ ಬಾಗಿಲಿಂದ ಬನ್ನಿ, ಮುಂದೆ ಬೇಡ." ಪೆನ್ನಿನ ಮುಚ್ಚಳ ಹಾಕಿದರು. "ಹಾಡ್ತೀನಿ ಅಂತ ಹೇಳ್ತಿಲ್ಲ ನಾನು. ಅದು ಬರುತ್ತೋ ಇಲ್ವೋ ನನಗೇ ಗೊತ್ತಿಲ್ಲ. ಬರೀ ಕೆಲ್ಸ."

"ಬರೀ ಕೆಲ್ಸ" ಎಂದರು ಮಿಸ್.

"ನೀವು ಬಾಯ್ ಬಿಡ್ಬಾರ್ದು."

"ಬಿಡಲ್ಲ."

"ಗುನುಗೋದೂ ಇಲ್ಲ. ನಿಮಗೆ ಅಭ್ಯಾಸ ಇದೆ."

"ಗುನುಗಲ್ಲ."

ಹೊರಗೆ ಬಂದ ಮೇಲೆ ಮಿಸ್ ಎಲ್ಲೂ ನಿಲ್ಲಲಿಲ್ಲ. ಬಸ್ಸು ಹಿಂದೆ ತೆಗೆಸುತ್ತಿದ್ದ ಕ್ಲೀನರ್ ತಟ್ಟಿದ, ಅದಕ್ಕೂ ನಿಲ್ಲಲಿಲ್ಲ. ಬಸ್ ಸ್ಟಾಪ್ ಬಂದಾಗ, ನಲವತ್ತು ವರ್ಷ ಹಾಡು ಕಲಿಸಿದವರು, ತುಂಬಾ ಸಣ್ಣ ದನಿಯಲ್ಲಿ ನನ್ನನ್ನು ಕೇಳಿದರು, "ಬೆಡ್‌ಶೀಟ್ ಮಡ್ಚೋದು ನಿಂಗೆ ಬರುತ್ತೇನೇ? ನಂಗೆ ದೊಡ್ಡದು ಬರಲ್ಲ." ನನಗೂ ಬರುವುದಿಲ್ಲ ಎಂದೆ. ಭಾನುವಾರ ನಮ್ಮ ಮನೆಯ ಬೆಡ್‌ಶೀಟು ಹಿಡಿದು ಮಹಡಿಯ ಮೇಲೆ ಅಭ್ಯಾಸ ಮಾಡುವುದು ಅಂತ ಮಾತಾಯಿತು. ಗುರುವಾರ ಎರಡೂವರೆಗೆ ನಾನು ಕಾಲೇಜಿನಿಂದ ನೇರ ಶಾಲೆಯ ಗೇಟಿಗೆ ಬರಬೇಕು, ಇಬ್ಬರೂ ಅಲ್ಲಿಂದ ಒಟ್ಟಿಗೆ ಹೊರಡುತ್ತೇವೆ.